ಬಿದ್ದದ್ದನ್ನು ಯಾರೂ ನೋಡಲಿಲ್ಲ

*ದಿನದ ಚಿಂತನೆ*



ಕಳೆದ ಭಾನುವಾರದ ಓದು ಮುಗಿಯುವ ಹೊತ್ತಿಗೆ ಒಬ್ಬರು ಒಂದು ಪ್ರಶ್ನೆ ಕೇಳಿದರು. "ಸುಳ್ಳು ಹೇಳಬಾರದು, ಒಪ್ಪಿದೆ. ಆದರೆ ಏನೂ ಹೇಳದೆ ಸುಮ್ಮನಿದ್ದರೆ ಅದೂ ಸುಳ್ಳೇ?" ಸಮಯ ಆಗಿಹೋಗಿತ್ತು, ಎಲ್ಲರೂ ನಗುತ್ತ ಎದ್ದರು. ನನಗೆ ಮಾತ್ರ ನಗು ಬರಲಿಲ್ಲ. ಈ ವಾರದ ಒಂದು ದಿನ ನೀವು ಬರೆಯಿರಿ ಎಂದು ಗುಂಪಿನ ಹಿರಿಯರು ಹೇಳಿದಾಗ ಆ ಪ್ರಶ್ನೆಯನ್ನೇ ಎತ್ತಿಕೊಂಡೆ. ಉತ್ತರ ಗೊತ್ತಿದೆ ಎಂದಲ್ಲ. ನನ್ನ ಬಳಿ ಒಂದು ಘಟನೆ ಇದೆ, ಅದರಲ್ಲಿ ಸುಮ್ಮನಿದ್ದವನು ನಾನು.

ನಾನು ದಕ್ಷಿಣ ಜರ್ಮನಿಯಲ್ಲಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಇಲ್ಲಿಗೆ ಬಂದ ಮೂರನೇ ವರ್ಷ ಒಂದು ಗ್ಲೈಡರ್ ಕ್ಲಬ್ಬಿಗೆ ಸೇರಿದೆ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ, ಉದ್ದ ರೆಕ್ಕೆಯ ಹಗುರ ವಿಮಾನ. ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಬಿಡುತ್ತಾರೆ. ಆಮೇಲೆ ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯನ್ನು ಹುಡುಕಿ, ಅದರೊಳಗೆ ಸುತ್ತುತ್ತ ಸುತ್ತುತ್ತ ಮೇಲೇರಬೇಕು. ಊರ ಕೆರೆ ಏರಿಯ ಮೇಲೆ ನಿಂತು, ರೆಕ್ಕೆ ಬಡಿಯದೆ ತಿರುಗುವ ಹದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರುವ ಗಾಳಿ ಸಿಗದಿದ್ದರೆ ಯಾರದೋ ಹೊಲದಲ್ಲಿ ಇಳಿದು, ಫೋನ್ ಮಾಡಿ, ಗೆಳೆಯರು ಟ್ರೇಲರ್ ತರುವ ತನಕ ಕಾಯಬೇಕು.

ಈ ಕಾಯುವ ಕಷ್ಟ ತಪ್ಪಲಿ ಎಂದು ಈಚೆಗೆ ಕೆಲವು ಗ್ಲೈಡರ್‌ಗಳಿಗೆ ವಿದ್ಯುತ್ ಮೋಟರ್ ಕೂಡಿಸುತ್ತಾರೆ. ನಮ್ಮ ಕ್ಲಬ್ಬಿನ ಒಂದು ಗ್ಲೈಡರಿನಲ್ಲಿ ಇರುವುದು ಎಫ್‌ಇಎಸ್ ಎಂಬ ಏರ್ಪಾಟು, ಸ್ಲೊವೇನಿಯಾದಲ್ಲಿ ರೂಪುಗೊಂಡದ್ದು. ಮೋಟರ್ ಇರುವುದು ಮೂತಿಯಲ್ಲೇ. ಎರಡು ಅಲಗಿನ ಪ್ರೊಪೆಲ್ಲರ್, ಬೇಡವಾದಾಗ ಅಲಗುಗಳು ಹಿಂದಕ್ಕೆ ಮಡಚಿಕೊಂಡು ಮೂತಿಗೆ ಒತ್ತಿಕೊಳ್ಳುತ್ತವೆ. ಬೆನ್ನಿನ ಮೇಲೆ ಒಂದು ಮುಚ್ಚಳ, ಅದರ ಕೆಳಗೆ ಎರಡು ಲಿಥಿಯಂ ಬ್ಯಾಟರಿ ಪೆಟ್ಟಿಗೆಗಳು. ಒಂದೊಂದೂ 15-16 ಕೆಜಿ ತೂಗುತ್ತದೆ. ಎರಡೂ ಸೇರಿ ಪೂರ್ತಿ ಚಾರ್ಜ್ ಆದಾಗ ಸುಮಾರು 118 ವೋಲ್ಟ್. ಮೋಟರಿನ ಗರಿಷ್ಠ ಶಕ್ತಿ ಸುಮಾರು 22 ಕಿಲೋವ್ಯಾಟ್. ಒಬ್ಬ ಮನುಷ್ಯನನ್ನು ಹೊತ್ತ ವಿಮಾನವನ್ನು ಮೇಲಕ್ಕೆಳೆಯಲು ಇಷ್ಟು ಸಾಕು.

ಪೆಟ್ರೋಲ್ ಎಂಜಿನ್ ಬಾಯಿಬಡುಕ. ಸೋರಿದರೆ ವಾಸನೆ ಬರುತ್ತದೆ, ಕೆಟ್ಟರೆ ಕೆಮ್ಮುತ್ತದೆ, ಓಡುತ್ತಿದ್ದರೆ ಊರಿಗೆಲ್ಲ ಕೇಳಿಸುತ್ತದೆ. ವಿದ್ಯುತ್ ಮೋಟರ್ ಹಾಗಲ್ಲ. ನಿಂತಿರುವ ಪ್ರೊಪೆಲ್ಲರ್ ಸತ್ತಿದೆಯೋ ಜೀವಂತವಾಗಿದೆಯೋ ನೋಡಿದರೆ ತಿಳಿಯದು. ಮುನ್ಸೂಚನೆಯ ಸದ್ದಿಲ್ಲದೆ, ಗುಂಡಿ ತಿರುಗಿಸಿದ ಕ್ಷಣದಲ್ಲೇ ಪೂರ್ತಿ ಬಲದಿಂದ ತಿರುಗಬಲ್ಲದು. ಬ್ಯಾಟರಿಯಂತೂ ಇನ್ನೂ ಗುಟ್ಟಿನದು. ಒಳಗಿನ ಕೋಶವೊಂದಕ್ಕೆ ಪೆಟ್ಟಾಗಿದ್ದರೂ ಹೊರಗಿನ ಪೆಟ್ಟಿಗೆ ಹೊಸದರಂತೆ ಇರಬಹುದು, ವೋಲ್ಟೇಜ್ ಸರಿಯಾಗಿ ತೋರಿಸಬಹುದು. ಆ ಗಾಯ ಗಂಟೆಗಳ ನಂತರವೋ ದಿನಗಳ ನಂತರವೋ ಬಿಸಿಯಾಗಿ, ಬೆಂಕಿಯಾಗಿ ಹೊರಬರಬಹುದು. 2017ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪಾರ್ಹಮ್ ಎಂಬಲ್ಲಿ ಇಂಥದೇ ಏರ್ಪಾಟಿನ ಗ್ಲೈಡರೊಂದು ಇಳಿಯುವ ವೇಳೆಗೆ ಬ್ಯಾಟರಿಗೆ ಬೆಂಕಿ ಹತ್ತಿತ್ತು. ಪೈಲಟ್ ಗಾಯವಿಲ್ಲದೆ ಪಾರಾದರು. ಕಾರಣಗಳು ಬೇರೆಬೇರೆ ಇರಬಹುದು. ಆದರೆ ಅದೇ ಬೆಂಕಿ ಸಾವಿರ ಮೀಟರ್ ಎತ್ತರದಲ್ಲಿ ಹತ್ತಿದ್ದರೆ ಎಂಬ ಯೋಚನೆ ಅಂದಿನಿಂದ ಇಂಥ ಗ್ಲೈಡರ್ ಹಾರಿಸುವವರನ್ನು ಬಿಟ್ಟಿಲ್ಲ.

ಆದ್ದರಿಂದ ಹಾರುವ ಮುಂಚಿನ ತಯಾರಿ ಇಲ್ಲಿ ಒಂದು ವ್ರತದಂತೆ ನಡೆಯುತ್ತದೆ. ಮೊದಲು ಮುಖ್ಯ ಸ್ವಿಚ್ ಆಫ್ ಇದೆಯೇ ಎಂದು ನೋಡಬೇಕು. ಬರೀ ಕಣ್ಣಿನಿಂದ ನೋಡಿದರೆ ಸಾಲದು, ಕೈಯಿಂದ ಮುಟ್ಟಿ, ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಮೂತಿಯ ಹತ್ತಿರ ಹೋಗುವುದು. ಅಲಗುಗಳನ್ನು ಒಂದೊಂದಾಗಿ ಬಿಚ್ಚಿ, ಅಂಚಿನುದ್ದಕ್ಕೂ ಬೆರಳಾಡಿಸಿ, ಬಿರುಕಿದೆಯೇ, ತಿರುಗಣಿ ಸಡಿಲವಾಗಿದೆಯೇ, ಬಿಟ್ಟಾಗ ತಾನಾಗಿ ಮಡಚಿಕೊಳ್ಳುತ್ತದೆಯೇ ಎಂದು ನೋಡಬೇಕು. ಆಗಲೂ ಪ್ರೊಪೆಲ್ಲರ್ ತಿರುಗುವ ವೃತ್ತದಲ್ಲಿ ತಲೆ ಇಡುವಂತಿಲ್ಲ. ಸ್ವಿಚ್ ಆಫ್ ಇದ್ದರೂ ಆನ್ ಇದೆ ಎಂದುಕೊಂಡೇ ನಡೆದುಕೊಳ್ಳಬೇಕು. ಬ್ಯಾಟರಿಯ ಕನೆಕ್ಟರ್‌ಗಳಲ್ಲಿ ಕೊಳೆ, ತೇವ, ಸುಟ್ಟ ಕಲೆ ಇರಬಾರದು. ಕೂಡಿಸುವಾಗ ಕೈಯಲ್ಲಿ ಉಂಗುರ, ಲೋಹದ ಗಡಿಯಾರ ಬೇಡ. ಕೊರೆಯುವ ಚಳಿಯಲ್ಲಿ ಇಟ್ಟ ಬ್ಯಾಟರಿಯನ್ನು ಹಾಗೇ ತಂದು ಚಾರ್ಜಿಗೆ ಹಾಕುವಂತಿಲ್ಲ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೋಶದೊಳಗೆ ಲಿಥಿಯಂ ಲೋಹದ ಪದರ ಕಟ್ಟಿ ಅದು ಕೆಡುತ್ತದೆ. ಚಾರ್ಜ್ ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಪರದೆಯಲ್ಲಿ ಓದಿ, ಮುಂದೆ ಯಾರೂ ಇಲ್ಲವೆಂದು ಕೂಗಿ ಕೇಳಿ, ಉತ್ತರ ಬಂದ ಮೇಲೆಯೇ ನೆಲದ ಮೇಲೆ ಒಂದು ಕ್ಷಣ ಮೋಟರ್ ಓಡಿಸಿ ನೋಡುವುದು.

ಊರಿನಲ್ಲಿ ಆಯುಧಪೂಜೆಗೆ ನಾವು ಸ್ಕೂಟರ್ ತೊಳೆದು, ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಡುತ್ತಿದ್ದೆವು. ಬ್ರೇಕ್ ವೈರ್ ಎಳೆ ಬಿಟ್ಟಿರುವುದು ತೊಳೆಯುವಾಗಲೇ ಕಣ್ಣಿಗೆ ಬೀಳುತ್ತಿತ್ತು. ಹಬ್ಬ ಮುಗಿಯಲಿ ಎಂದು ಬಿಡುತ್ತಿದ್ದೆವು! ಪೂಜೆಯನ್ನು ಹೀಗಳೆಯುತ್ತಿಲ್ಲ. ವರ್ಷಕ್ಕೊಮ್ಮೆಯಾದರೂ ಗಾಡಿಯನ್ನು ಕೈಯಾರೆ ಮುಟ್ಟುತ್ತಿದ್ದೆವಲ್ಲ, ಅಷ್ಟು ದೊಡ್ಡದೇ. ಕಂಡದ್ದನ್ನು ಏನು ಮಾಡುತ್ತೇವೆ ಎಂಬುದು ಬೇರೆ ವಿಷಯ.

ಇನ್ನು ಆ ಸಂಜೆ. ಹಾರಾಟ ಮುಗಿದು ಎಲ್ಲರೂ ಹೊರಗೆ ಮೇಜಿನ ಸುತ್ತ ಕೂತಿದ್ದರು. ಬ್ಯಾಟರಿಗಳನ್ನು ಗ್ಲೈಡರಿನಿಂದ ತೆಗೆದು ಚಾರ್ಜ್ ಮಾಡುವ ಕೋಣೆಗೆ ಒಯ್ಯುವ ಸರದಿ ನನ್ನದು. ಒಂದನ್ನು ಒಯ್ದಿಟ್ಟೆ. ಎರಡನೆಯದನ್ನು ತರುವಾಗ ಹೊಸ್ತಿಲಿಗೆ ಕಾಲು ತಾಗಿ, ಕೈ ಜಾರಿ, ಪೆಟ್ಟಿಗೆ ಕಾಂಕ್ರೀಟ್ ನೆಲದ ಮೇಲೆ ಮೂಲೆ ಊರಿ ಬಿತ್ತು. ಮೊಣಕಾಲಿಗಿಂತ ಕೆಳಗಿನ ಎತ್ತರ. ಸದ್ದು ಕೂಡ ದೊಡ್ಡದೇನಲ್ಲ. ತಿರುಗಿ ನೋಡಿದೆ. ಯಾರೂ ನೋಡಿರಲಿಲ್ಲ.

ಎತ್ತಿ ಎಲ್ಲ ಮಗ್ಗುಲೂ ನೋಡಿದೆ. ಒಂದು ಗೀರಿಲ್ಲ. ಚಾರ್ಜರಿಗೆ ಜೋಡಿಸಿದೆ, ಹಸಿರು ದೀಪ. ಎಲ್ಲ ಅಂಕಿಗಳೂ ಸರಿ. ಬಿದ್ದ ಬ್ಯಾಟರಿಯನ್ನು ಬಳಸಬಾರದು, ಚಾರ್ಜ್ ಮಾಡಬಾರದು, ತಿಳಿದವರಿಂದ ಪರೀಕ್ಷೆ ಮಾಡಿಸಬೇಕು ಎಂಬ ನಿಯಮ ನನಗೆ ಬಾಯಿಪಾಠ. ಹೊಸಬರಿಗೆ ಅದನ್ನು ನಾನೇ ಹೇಳಿಕೊಟ್ಟಿದ್ದೇನೆ. ಆದರೂ ಆ ಹೊತ್ತಿನಲ್ಲಿ ಮನಸ್ಸು ಎಷ್ಟು ಚುರುಕಾಗಿ ಓಡಿತು ನೋಡಿ. ಒಂದು ಪೆಟ್ಟಿಗೆಗೆ ಸಾವಿರಾರು ಯೂರೋ, ಸದಸ್ಯರೆಲ್ಲ ಚಂದಾ ಕೂಡಿಸಿ ಕೊಂಡದ್ದು. ಎತ್ತರ ಕಡಿಮೆ ಇತ್ತು. 'ಬಿದ್ದಿತು' ಎನ್ನುವುದಕ್ಕಿಂತ 'ಜಾರಿ ಕೂತಿತು' ಎನ್ನುವುದೇ ಸರಿ. ರಾತ್ರಿಯೆಲ್ಲ ಏನೂ ಆಗದಿದ್ದರೆ ಏನೂ ಆಗಿಲ್ಲವೆಂದೇ ಅರ್ಥ. ಒಂದೊಂದು ಮಾತೂ ಸಮಂಜಸ. ಕ್ಲಬ್ಬಿನಲ್ಲಿರುವ ಒಬ್ಬನೇ ಭಾರತೀಯ, ಕೈಯಲ್ಲಿ ಹಿಡಿತವಿಲ್ಲದವನು ಎನ್ನಿಸಿಕೊಳ್ಳಬೇಕೇ ಎಂಬುದು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಪಟ್ಟಿಯ ಅಡಿಯಲ್ಲಿ ಕೂತು ಉಳಿದದ್ದನ್ನೆಲ್ಲ ಬರೆಸುತ್ತಿತ್ತು.

ಬ್ಯಾಟರಿಗಳಿಗೆಂದೇ ಒಂದು ದಾಖಲೆ ಪುಸ್ತಕವಿದೆ. ಕೊನೆಯ ಕಾಲಂ ಟಿಪ್ಪಣಿಗೆ. ಅಂದು ದಿನಾಂಕ ಬರೆದೆ, ಚಾರ್ಜಿಗೆ ಹಾಕಿದ ಸಮಯ ಬರೆದೆ, ಸಹಿ ಮಾಡಿದೆ. ಕೊನೆಯ ಕಾಲಂ ಖಾಲಿ ಬಿಟ್ಟೆ.

ಮಾರನೆಯ ದಿನ ಹವೆ ಚೆನ್ನಾಗಿತ್ತು. ನಾನು ಎದ್ದದ್ದೇ ತಡ, ಮೈದಾನ ತಲುಪುವಷ್ಟರಲ್ಲಿ ಗ್ಲೈಡರ್ ಹೊರಗೆ ಬಂದಿತ್ತು. ಯಾರೋ ಹುಡುಗರು ಎರಡೂ ಬ್ಯಾಟರಿ ಕೂಡಿಸಿ, ಮುಚ್ಚಳಕ್ಕೆ ಟೇಪು ಅಂಟಿಸಿ ಮುಗಿಸಿದ್ದರು. ಹಾರಲಿದ್ದವರು ಕ್ಲಬ್ಬಿನ ಒಬ್ಬ ಹಿರಿಯ ಸದಸ್ಯೆ, ಎಪ್ಪತ್ತರ ಹತ್ತಿರದವರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಇಲ್ಲಿ ಕ್ಲಬ್ಬಿನೊಳಗೆ ಎಲ್ಲರಿಗೂ ಏಕವಚನವೇ. ನನ್ನ ನಾಲಿಗೆ ಅದಕ್ಕೆ ಹೊರಳಿದರೂ ಮನಸ್ಸಿನಲ್ಲಿ ಅವರಿಗೆ ಇವತ್ತಿಗೂ ಬಹುವಚನ. ಅವರು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ, ಪಕ್ಕದಲ್ಲಿ ನಿಂತವರು ಉತ್ತರ ಕೊಡಬೇಕು. "ಬಾ, ಒಳ್ಳೆ ಸಮಯಕ್ಕೆ ಬಂದೆ" ಎಂದು ಕರೆದರು.

"ಮುಖ್ಯ ಸ್ವಿಚ್?" ಅಂದರು.

"ಆಫ್."

"ಬ್ಯಾಟರಿ?"

"ಚಾರ್ಜ್ ಪೂರ್ತಿ ಇದೆ" ಎಂದೆ.

ಗೆಳೆಯರೇ, ಭಾನುವಾರ ಕೇಳಿದ ಪ್ರಶ್ನೆ ಇಲ್ಲೇ ಇದೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಚಾರ್ಜ್ ಪೂರ್ತಿಯೇ ಇತ್ತು. ಆ ನಿಜವನ್ನು ನಾನು ಬಾಗಿಲಿಗೆ ಅಡ್ಡ ನಿಲ್ಲಿಸಿದ್ದೆ, ಇನ್ನೊಂದು ನಿಜ ಹೊರಗೆ ಬಾರದಿರಲಿ ಎಂದು. ಹಿಂದಿನ ರಾತ್ರಿಯ ಮೌನವನ್ನು ಬೇಕಾದರೆ ಗೊಂದಲ ಎನ್ನಬಹುದು, ಹೆದರಿಕೆ ಎನ್ನಬಹುದು. ಈ ಮಾತಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಮೌನ ಸುಳ್ಳೇ ಎಂಬ ಪ್ರಶ್ನೆಯನ್ನು ನಾನು ಬೇರೆ ರೀತಿ ಕೇಳಿಕೊಳ್ಳುತ್ತೇನೆ. ಇನ್ನೊಬ್ಬರು ನನ್ನ ಮಾತನ್ನು ಆಧಾರವಾಗಿ ಹಿಡಿದು ಮುಂದಿನ ಹೆಜ್ಜೆ ಇಡುತ್ತಿದ್ದಾರೆಯೇ? ಇಡುತ್ತಿದ್ದರೆ ನಾನು ಬಿಟ್ಟದ್ದೂ ಮಾತೇ. ದಾರಿಯಲ್ಲಿ ಎದುರಾದ ಅಪರಿಚಿತನಿಗೆ ನಾನು ಹೇಳದೆ ಉಳಿಸಿದ ಸಂಗತಿಗಳು ಲೆಕ್ಕವಿಲ್ಲದಷ್ಟು, ಅವು ಸುಳ್ಳಾಗುವುದಿಲ್ಲ. ಆದರೆ ಈ ಹಿರಿಯರು ನನ್ನ ಮಾತಿನ ಮೇಲೆ ಕೂತು ಆಕಾಶಕ್ಕೆ ಹೊರಟಿದ್ದರು.

ರಾಹುಲನಿಗೆ ಭಗವಾನರು ಹೇಳಿದ ಉಪದೇಶವನ್ನು ನಾವು ಎರಡು ಸಲ ಓದಿದ್ದೇವೆ, ಮಜ್ಝಿಮ ನಿಕಾಯದ 61ನೆಯ ಸುತ್ತ. ಸುಳ್ಳಿನ ಬಗ್ಗೆ ಹೇಳಲು ಅವರು ದೊಡ್ಡ ಸುಳ್ಳಿನ ಕಥೆ ಎತ್ತಲಿಲ್ಲ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ಒಂದಿಷ್ಟು ನೀರನ್ನು ತೋರಿಸಿದರು, ಅದನ್ನು ಚೆಲ್ಲಿದರು, ಪಾತ್ರೆ ಬೋರಲು ಹಾಕಿದರು, ಮತ್ತೆ ನೆಟ್ಟಗೆ ಮಾಡಿ ಖಾಲಿ ಪಾತ್ರೆಯನ್ನೇ ತೋರಿಸಿದರು. ಆಮೇಲೆ ಕನ್ನಡಿ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಹಾಗೆ ಪ್ರತಿ ಕೆಲಸವನ್ನೂ ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೋ, ನನಗಾಗಲಿ ಇತರರಿಗಾಗಲಿ ಕೇಡಾಗುತ್ತದೆಯೇ ಎಂದು. ಪೈಲಟ್‌ಗಳಿಗೆ ಇದು ಹೊಸದೇನಲ್ಲ, ಹಾರುವ ಮುಂಚೆ, ಹಾರುವಾಗ, ಇಳಿದ ಮೇಲೆ ಎಂದು ಮೂರು ಪಟ್ಟಿ ನಮ್ಮ ಕೈಯಲ್ಲೂ ಇರುತ್ತವೆ. ಈ ಉಪದೇಶ ಅಶೋಕನಿಗೂ ಪ್ರಿಯವಾಗಿತ್ತು. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಶಾಸನದಲ್ಲಿ, ಭಿಕ್ಷುಗಳೂ ಗೃಹಸ್ಥರೂ ಮತ್ತೆಮತ್ತೆ ಕೇಳಬೇಕಾದ ಏಳು ಪಾಠಗಳಲ್ಲಿ, ಸುಳ್ಳಿನ ಕುರಿತು ರಾಹುಲನಿಗೆ ಹೇಳಿದ್ದನ್ನು ಅವನು ಹೆಸರಿಸಿ ಬರೆಸಿದ್ದಾನೆ.

ಆ ಸುತ್ತದಲ್ಲಿ ನಾನು ಓದುವಾಗಲೆಲ್ಲ ದಾಟಿಹೋಗಿದ್ದ ಒಂದು ಭಾಗವಿದೆ. ಮೈಯಿಂದಲೋ ಮಾತಿನಿಂದಲೋ ಮಾಡಿದ್ದು ಕೇಡಿನದೆಂದು ಆಮೇಲೆ ತಿಳಿದರೆ ಏನು ಮಾಡಬೇಕು? ಬರೀ ಮರುಗಿದರೆ ಸಾಲದು. ಗುರುವಿನ ಮುಂದೆಯೋ ತಿಳಿದ ಸಹವಾಸಿಗಳ ಮುಂದೆಯೋ ಅದನ್ನು ತೆರೆದಿಡಬೇಕು. ಇದನ್ನು ನಾನು ಭಿಕ್ಷುಗಳ ಶಿಸ್ತು, ನಮಗಲ್ಲ ಎಂದುಕೊಂಡಿದ್ದೆ. ಬಿದ್ದ ಬ್ಯಾಟರಿಯ ವಿಷಯದಲ್ಲಿ ಈ ತೆರೆದಿಡುವುದು ಪುಣ್ಯಕ್ಕಾಗಿ ಅಲ್ಲ, ಮನಸ್ಸು ಹಗುರಾಗಲೆಂದೂ ಅಲ್ಲ. ಆ ಪೆಟ್ಟಿಗೆ ಬಿದ್ದಿದೆ ಎಂಬ ಮಾಹಿತಿ ಇಡೀ ಲೋಕದಲ್ಲಿ ಇದ್ದದ್ದು ಒಂದೇ ಜಾಗದಲ್ಲಿ, ನನ್ನ ತಲೆಯಲ್ಲಿ. ಯಾವ ಮೀಟರೂ ಅದನ್ನು ತೋರಿಸುವುದಿಲ್ಲ, ಅವರು ಎಷ್ಟು ಶ್ರದ್ಧೆಯಿಂದ ಪಟ್ಟಿ ಓದಿದರೂ ಅದು ಅವರಿಗೆ ಸಿಗುವುದಿಲ್ಲ. ಅಷ್ಟು ತಯಾರಿಯಲ್ಲಿ ಪರೀಕ್ಷೆಗೆ ಒಳಪಡದೆ ಉಳಿದ ಭಾಗ ನಾನೊಬ್ಬನೇ.

ಆದರೆ ಆ ಬೆಳಗ್ಗೆ ನನಗೆ ರಾಹುಲ ನೆನಪಾದ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಸುತ್ತ ನೆನಪಾದದ್ದು ವಾರದ ನಂತರ. ಅಂದು ನಡೆದದ್ದು ಇಷ್ಟೇ. ಅವರು ಪ್ಯಾರಾಚೂಟ್ ಬೆನ್ನಿಗೆ ಹಾಕಿಕೊಂಡು, ಹಿಂದೆ ಪಟ್ಟಿ ತಿರುಚಿಕೊಂಡಿದೆಯೇ ನೋಡು ಎಂದು ನನಗೆ ಬೆನ್ನು ಮಾಡಿ ನಿಂತರು. ತಿರುಚಿಕೊಂಡಿತ್ತು. ಬಿಡಿಸಿ, ಹೆಗಲ ಮೇಲೆ ಸರಿಮಾಡಿದೆ. ತೆಳು ಹೆಗಲು, ನಮ್ಮ ಅಜ್ಜಿಯ ಹೆಗಲಿನಂತೆ. ಕೈ ಅಲ್ಲೇ ನಿಂತಿತು.

"ಎರಡನೇ ಬ್ಯಾಟರಿ ನಿನ್ನೆ ನನ್ನ ಕೈಯಿಂದ ಬಿತ್ತು" ಎಂದೆ.

ಅವರು ತಿರುಗಿದರು. ಬೈಯಲಿಲ್ಲ. ಎಷ್ಟು ಎತ್ತರದಿಂದ, ಯಾವ ಮೂಲೆ, ಆಮೇಲೆ ಚಾರ್ಜ್ ಮಾಡಿದೆಯಾ ಎಂದು ಮೂರೇ ಪ್ರಶ್ನೆ ಕೇಳಿದರು. ಮಾಡಿದೆ ಎಂದಾಗ ಮಾತ್ರ ಹುಬ್ಬು ಗಂಟಾಯಿತು. ಪ್ಯಾರಾಚೂಟ್ ಬಿಚ್ಚಿ ಹುಲ್ಲಿನ ಮೇಲಿಟ್ಟರು. ನಾವಿಬ್ಬರೂ ಮುಚ್ಚಳ ತೆಗೆದು, ಬ್ಯಾಟರಿ ಬಿಡಿಸಿ, ಹ್ಯಾಂಗರಿನಿಂದ ದೂರ ಜಲ್ಲಿಕಲ್ಲಿನ ಮೇಲೆ, ಸುತ್ತ ಉರಿಯುವಂಥದ್ದೇನೂ ಇಲ್ಲದ ಜಾಗದಲ್ಲಿ ಒಯ್ದಿಟ್ಟೆವು. ಆ ದಿನ ಅವರು ಹಾರಲಿಲ್ಲ. ಮೋಡಗಳು ಸಾಲುಗಟ್ಟಿ ನಿಂತಿದ್ದವು, ವರ್ಷದಲ್ಲಿ ನಾಲ್ಕೈದು ಸಲ ಸಿಗುವಂಥ ದಿನ. ಅವರು ಕುರ್ಚಿ ಹಾಕಿಕೊಂಡು ಬೇರೆಯವರು ಹಾರುವುದನ್ನು ನೋಡುತ್ತ ಕೂತರು. ಸಂಜೆ ಹೊರಡುವಾಗ ನನ್ನ ಹತ್ತಿರ ಬಂದು, "ನಿನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ್ದರೂ ನಾನು ಎದ್ದೇ ಇರುತ್ತಿದ್ದೆ" ಅಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪೆಟ್ಟು ಬಿದ್ದಿರಬಹುದಾದ ಲಿಥಿಯಂ ಬ್ಯಾಟರಿಯನ್ನು ಮಾಮೂಲಿ ಪಾರ್ಸೆಲ್‌ನಂತೆ ಕಳಿಸುವಂತಿಲ್ಲ, ಅದಕ್ಕೆ ಬೇರೆಯೇ ಪೆಟ್ಟಿಗೆ, ಬೇರೆಯೇ ಕಾಗದಪತ್ರ. ಅದೆಲ್ಲ ಮುಗಿದು, ಪರೀಕ್ಷೆ ನಡೆದು, ಉತ್ತರ ಬರಲು ಆರು ವಾರವಾಯಿತು. ಅಷ್ಟು ದಿನವೂ ಮೋಟರ್ ಬಳಸುವಂತಿರಲಿಲ್ಲ. ಉತ್ತರ ಏನೆಂದರೆ, ದೋಷ ಕಂಡುಬಂದಿಲ್ಲ, ಬಳಸಬಹುದು.

ಕ್ಲಬ್ಬಿನ ಒಬ್ಬರು ಅಂದು ಕೈ ಚೆಲ್ಲಿದರು. "ಒಳ್ಳೆ ಋತುವಿನ ಆರು ವಾರ ಸುಮ್ಮನೆ ಹೋಯಿತಲ್ಲ!" ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಲೆಕ್ಕ ಹಾಕಿದರೆ ಹೇಳಿದ್ದರಿಂದ ನಷ್ಟ, ಹೇಳದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ದೋಷ ಸಿಕ್ಕಿದ್ದರೆ ನನ್ನನ್ನು ಹೊಗಳುತ್ತಿದ್ದರೋ ಏನೋ. ಒಂದು ಕ್ಷಣ, ನಾಚಿಕೆಯಿಂದಲೇ ಹೇಳುತ್ತೇನೆ, ಸಣ್ಣದೊಂದು ದೋಷವಾದರೂ ಸಿಗಬಾರದಿತ್ತೇ ಅಂತಲೂ ಅನ್ನಿಸಿತು. ಕರ್ಮವೆಂದರೆ ಚೇತನೆ, ಮಾಡುವಾಗಿನ ಇಂಗಿತ ಎಂದು ನಾವು ಓದುತ್ತೇವಲ್ಲ, ಅದು ಇಂಥ ಹೊತ್ತಿನಲ್ಲಿ ಎರಡೂ ಕಡೆ ಕೊಯ್ಯುತ್ತದೆ. ಬ್ಯಾಟರಿ ಸರಿಯಿದ್ದ ಮಾತ್ರಕ್ಕೆ ಹೇಳಿದ್ದು ವ್ಯರ್ಥವಾಗಲಿಲ್ಲ, ಹೌದು. ಅದೇ ಅಳತೆಯಲ್ಲಿ, ಬ್ಯಾಟರಿ ಸರಿಯಿದ್ದ ಮಾತ್ರಕ್ಕೆ ಆ ರಾತ್ರಿಯೂ ಸರಿಯಾಗಲಿಲ್ಲ. ನಾನು ಮಲಗಿದ್ದೆ, ಬ್ಯಾಟರಿ ಚಾರ್ಜ್ ಆಗುತ್ತಿತ್ತು, ಪಕ್ಕದ ಗೋಡೆಯಾಚೆ ಹ್ಯಾಂಗರಿನಲ್ಲಿ ಇಡೀ ಕ್ಲಬ್ಬಿನ ಗ್ಲೈಡರ್‌ಗಳಿದ್ದವು. ಬೆಳಗ್ಗೆ ದಾರಿಯಲ್ಲಿ ಬೇಕರಿಗೆ ಹೋಗಿ ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತಿದ್ದೆ. ಇನ್ನೊಂದು ಇಪ್ಪತ್ತು ನಿಮಿಷ ತಡವಾಗಿದ್ದರೆ ಅವರು ಮೇಲಿರುತ್ತಿದ್ದರು. ತಡ ಮಾಡಿದ್ದು ಬೇಕೆಂದೇ ಅಲ್ಲವೆಂದು ಇವತ್ತಿಗೂ ಖಚಿತವಾಗಿ ಹೇಳಲಾರೆ.

ಆ ದಾಖಲೆ ಪುಸ್ತಕ ಈಗಲೂ ಬಳಕೆಯಲ್ಲಿದೆ. ಬ್ಯಾಟರಿಗಳನ್ನು ಚಾರ್ಜಿಗೆ ಹಾಕುವ ಸರದಿ ಬಂದಾಗಲೆಲ್ಲ ಹಿಂದಿನ ಪುಟ ತಿರುವುತ್ತೇನೆ. ಒಂದು ಸಾಲಿನಲ್ಲಿ ನನ್ನ ಸಹಿ ಇದೆ, ಟಿಪ್ಪಣಿ ಇಲ್ಲ. ಅದರ ಕೆಳಗಿನ ಸಾಲಿನಲ್ಲಿ ಮರುದಿನದ ದಿನಾಂಕ ಹಾಕಿ ನನ್ನದೇ ಕೈಬರಹದಲ್ಲಿ ಬರೆದಿದೆ: 'ಎರಡನೇ ಪೆಟ್ಟಿಗೆ ನಿನ್ನೆ ಸಂಜೆ ಬಿದ್ದಿದೆ.' ಖಾಲಿ ಬಿಟ್ಟ ಜಾಗದಲ್ಲಿ ಆಮೇಲೆ ತುಂಬಿಸಲೇ ಎಂದು ಅವರನ್ನು ಕೇಳಿದ್ದೆ. ಬೇಡ, ಅದು ಹಾಗೇ ಇರಲಿ ಅಂದರು.